ಸೊಂಟದ ಕೆಳಗೆ ಒಂದೇ ಬದಿಯ ನೋವು: ಡಿಸ್ಕ್ ತೊಂದರೆಯೋ, ಎಸ್‌ಐ ಜಾಯಿಂಟೋ?

ನೀವು ಬರೆದಿರುವುದಿಷ್ಟು: ವಯಸ್ಸು 33, ಮನೆ ವಿಜಯನಗರ, ಕೆಲಸ ವೈಟ್‌ಫೀಲ್ಡ್‌ನಲ್ಲಿ, ಒಂದೂವರೆ ವರ್ಷದ ಮಗು ಇದೆ. ನಾಲ್ಕು ತಿಂಗಳಿಂದ ಬಲಗಡೆ ಸೊಂಟದ ಕೆಳಗೆ ನೋವು. ಎಂಆರ್‌ಐ ವರದಿಯಲ್ಲಿ ‘ಡಿಸ್ಕ್ ಬಲ್ಜ್’ (ಬೆನ್ನುಮೂಳೆಗಳ ನಡುವಿನ ಮೆತ್ತೆ ಉಬ್ಬಿರುವುದು) ಎಂದಿದೆ. ಒಬ್ಬ ಡಾಕ್ಟರು ಸಯಾಟಿಕಾ ಎಂದರು, ಇನ್ನೊಬ್ಬರು ಎಸ್‌ಐ ಜಾಯಿಂಟ್ (ಸ್ಯಾಕ್ರೋಇಲಿಯಾಕ್, ಅಂದರೆ ಬೆನ್ನುಮೂಳೆಯ ಬುಡ ಸೊಂಟದ ಮೂಳೆಗೆ ಸೇರುವ ಕೀಲು) ಎಂದರು. ಮಲಗಿ ವಿಶ್ರಾಂತಿ ತಗೊಳ್ಳಲೇ ಎಂದು ಕೇಳಿದ್ದೀರಿ.

ನಾನು ಬೆಂಗಳೂರಿನಲ್ಲೇ ಕೆಲಸ ಮಾಡುವ ಫಿಸಿಯೋಥೆರಪಿಸ್ಟ್. ಕೈಯಿಟ್ಟು ನೋಡದೆ ಇಂಥದ್ದೇ ಎಂದು ಹೇಳುವುದು ಸರಿಯಲ್ಲ. ಆದರೂ ನಿಮ್ಮ ಎರಡು ಮಾತು ಓದಿದಾಗ ಎಸ್‌ಐ ಜಾಯಿಂಟ್ ಕಡೆಗೇ ನನ್ನ ಗಮನ ಹೋಯಿತು. ನೋವಿನ ಜಾಗವನ್ನು ಒಂದೇ ಬೆರಳಿಟ್ಟು ತೋರಿಸಬಲ್ಲೆ, ಅದು ಬೆನ್ನಿನ ಕೆಳಗಿರುವ ಗುಳಿಯ ಹತ್ತಿರ ಎಂದಿದ್ದೀರಿ. ಮಗ್ಗುಲು ಬದಲಿಸುವಾಗ, ಸ್ಕೂಟರ್ ಹತ್ತುವಾಗ ಚಳುಕು ಎಂದಿದ್ದೀರಿ. ಡಿಸ್ಕ್ ನರವನ್ನು ಒತ್ತಿ ಬರುವ ಸಯಾಟಿಕಾ ಸಾಮಾನ್ಯವಾಗಿ ಮಂಡಿ ದಾಟಿ ಪಾದದವರೆಗೂ ಇಳಿಯುತ್ತದೆ, ಜೋಮು ಹಿಡಿಯುತ್ತದೆ. ಎಸ್‌ಐ ನೋವು ಹೆಚ್ಚಾಗಿ ಪಿರ್ರೆ ಮತ್ತು ತೊಡೆಯ ಹಿಂಭಾಗದಲ್ಲೇ ನಿಲ್ಲುತ್ತದೆ, ಅಪರೂಪಕ್ಕೆ ಕೆಳಗೂ ಹೋಗಬಹುದು.

ವರದಿಯಲ್ಲಿರುವ ‘ಬಲ್ಜ್’ ನೋಡಿ ಹೆದರಬೇಡಿ. ಮೂವತ್ತರ ವಯಸ್ಸಿನಲ್ಲಿ ನೋವೇ ಇಲ್ಲದವರನ್ನು ಸ್ಕ್ಯಾನ್ ಮಾಡಿದರೂ ಸುಮಾರು 40% ಜನರಲ್ಲಿ ಅದು ಕಾಣುತ್ತದೆ.

ಬೆನ್ನುಮೂಳೆಯ ಬುಡದ ತ್ರಿಕೋನದ ಮೂಳೆ ಎರಡೂ ಕಡೆ ಸೊಂಟದ ಮೂಳೆಗೆ ಸೇರುವ ಜಾಗವೇ ಎಸ್‌ಐ ಜಾಯಿಂಟ್. ಮೇಲಿನ ಮೈಭಾರವೆಲ್ಲ ಇದನ್ನು ದಾಟಿಯೇ ಕಾಲಿಗಿಳಿಯಬೇಕು. ಮೂಳೆಗಳನ್ನು ಹಿಡಿದಿಡುವ ಬಲವಾದ ಲಿಗಮೆಂಟುಗಳು ಸುತ್ತ ಬಿಗಿದಿರುವುದರಿಂದ ಇದು ಅಲುಗುವುದು ಒಂದೆರಡು ಮಿಲಿಮೀಟರ್ ಅಷ್ಟೆ. ಗರ್ಭಿಣಿಯಾಗಿದ್ದಾಗ ಹಾರ್ಮೋನುಗಳಿಂದ ಆ ಬಿಗಿ ಸಡಿಲವಾಗುತ್ತದೆ. ಹೆರಿಗೆ ಆದಮೇಲೆ ಮಗುವನ್ನು ಸದಾ ಒಂದೇ ಕಂಕುಳಲ್ಲಿ ಎತ್ತಿಕೊಂಡರೆ ಭಾರವೆಲ್ಲ ಒಂದೇ ಬದಿಗೆ ಬೀಳುತ್ತದೆ. ಕುಕ್ಕರಿಸಿ ಬಿದ್ದರೂ, ಎರಡು ಕಾಲಿನ ಉದ್ದದಲ್ಲಿ ವ್ಯತ್ಯಾಸವಿದ್ದರೂ ಈ ನೋವು ಬರಬಹುದು.

ಪರೀಕ್ಷೆ ಮಾಡುವವರು ಕಾಲನ್ನು ಮಡಿಸಿ, ತೊಡೆಯನ್ನು ಒತ್ತಿ, ಸೊಂಟವನ್ನು ಅದುಮಿ ಐದಾರು ಬಗೆಯಲ್ಲಿ ನೋಡುತ್ತಾರೆ. ಅವುಗಳಲ್ಲಿ ಮೂರಾದರೂ ನಿಮ್ಮ ಅದೇ ನೋವನ್ನು ಎಬ್ಬಿಸಿದರೆ ಅನುಮಾನ ಬಲವಾಗುತ್ತದೆ. ಒಂದೇ ಪರೀಕ್ಷೆ ಮಾಡಿ ತೀರ್ಮಾನಕ್ಕೆ ಬರುವವರನ್ನು ನಂಬಬೇಡಿ.

ಇದಕ್ಕಿಂತ ದೊಡ್ಡ ವಿಷಯ ಇನ್ನೊಂದಿದೆ, ಅದನ್ನು ನೀವು ಬರೆದಿಲ್ಲ. ಬೆಳಗ್ಗೆ ಏಳುವಾಗ ಸೊಂಟ ಎಷ್ಟು ಹೊತ್ತು ಬಿಗಿದಿರುತ್ತದೆ? ಅರ್ಧ ಗಂಟೆಗಿಂತ ಹೆಚ್ಚೇ? ಬೆಳಗಿನ ಜಾವ ನೋವಿನಿಂದ ಎಚ್ಚರವಾಗುತ್ತದೆಯೇ? ಮಲಗಿದರೆ ಜಾಸ್ತಿಯಾಗಿ, ಓಡಾಡಿದರೆ ಕಡಿಮೆಯಾಗುತ್ತದೆಯೇ? ಹೌದಾದರೆ ಅದು ಭಾರದಿಂದ ಬಂದ ನೋವಲ್ಲದೆ ಕೀಲಿನ ಉರಿಯೂತ ಇರಬಹುದು. ಅಂಥ ಉರಿಯೂತದ ಕಾಯಿಲೆಯಾದ ಆಂಕೈಲೋಸಿಂಗ್ ಸ್ಪಾಂಡಿಲೈಟಿಸ್ ಶುರುವಾಗುವುದು ಹೆಚ್ಚಾಗಿ 45ರೊಳಗೇ, ಅದೂ ಇದೇ ಕೀಲಿನಲ್ಲಿ. ಕಣ್ಣು ಕೆಂಪಾಗಿ ನೋಯುವುದು, ಸೋರಿಯಾಸಿಸ್, ಮನೆಯಲ್ಲಿ ಯಾರಿಗಾದರೂ ಇದೇ ಕಾಯಿಲೆ ಇರುವುದು ಇದರ ಸುಳಿವುಗಳು. ಎಕ್ಸ್‌ರೇಯಲ್ಲಿ ಕಾಣಿಸಿಕೊಳ್ಳಲು ವರ್ಷಗಳೇ ಹಿಡಿಯಬಹುದು, ಎಸ್‌ಐ ಜಾಯಿಂಟಿನದ್ದೇ ಎಂಆರ್‌ಐ ಬೇಗ ತೋರಿಸುತ್ತದೆ. ನೀವು ಮಾಡಿಸಿರುವುದು ಬೆನ್ನುಮೂಳೆಯದ್ದು ಮಾತ್ರ ಇರಬಹುದು, ವರದಿ ತೆಗೆದು ನೋಡಿ. ಈ ಲಕ್ಷಣಗಳಿದ್ದರೆ ನನ್ನಂಥವರ ಹತ್ತಿರ ಬರುವ ಮೊದಲು ಕೀಲುವಾತದ ತಜ್ಞರಾದ ರುಮಟಾಲಜಿಸ್ಟನ್ನು ಕಾಣಿ. ಜ್ವರ, ರಾತ್ರಿ ಬೆವರುವುದು, ತೂಕ ಇಳಿಯುವುದು ಇದ್ದರೆ ಕೀಲಿನ ಸೋಂಕನ್ನೂ ನೋಡಬೇಕು. ನಮ್ಮಲ್ಲಿ ಕ್ಷಯ ಈ ಕೀಲಿಗೂ ಬರುತ್ತದೆ.

ಇದ್ಯಾವುದೂ ಇಲ್ಲವೆಂದರೆ ದಿನದ ಅಭ್ಯಾಸಗಳಿಂದ ಶುರು ಮಾಡಿ. ಹಾಸಿಗೆ ಹಿಡಿದು ಮಲಗಬೇಡಿ, ಸ್ನಾಯು ಇನ್ನೂ ಸೋಲುತ್ತದೆ. ಮಗ್ಗುಲು ಬದಲಿಸುವಾಗ ಎರಡೂ ಮಂಡಿ ಜೋಡಿಸಿ ಮೈಯನ್ನು ಒಟ್ಟಿಗೇ ತಿರುಗಿಸಿ, ಮಲಗುವಾಗ ಮಂಡಿಗಳ ನಡುವೆ ದಿಂಬು ಇರಲಿ. ಕಾಲ ಮೇಲೆ ಕಾಲು ಹಾಕಿ ಕೂರುವುದು, ಒಂದೇ ಕಾಲಿಗೆ ಭಾರ ಕೊಟ್ಟು ನಿಲ್ಲುವುದು ಸದ್ಯಕ್ಕೆ ಬೇಡ. ನೆಲದ ಮೇಲೆ ಚಕ್ಕಂಬಕ್ಕಳ ಹಾಕಿದರೆ ನೋವು ಹೆಚ್ಚುವುದಾದರೆ ಅದನ್ನೂ ಕೆಲವು ವಾರ ಬಿಡಿ. ಮಗುವನ್ನು ಎದೆಗಾನಿಸಿ ಎರಡೂ ಕೈಯಲ್ಲಿ ಎತ್ತಿಕೊಳ್ಳಿ.

ಸ್ಕೂಟರ್ ವಿಷಯದಲ್ಲಿ ನಾನು ಕಟ್ಟುನಿಟ್ಟು. ನಮ್ಮ ರಸ್ತೆಯ ಗುಂಡಿ, ಹಂಪುಗಳ ಪ್ರತಿ ಏಟೂ ನೇರ ಈ ಕೀಲಿಗೇ ತಾಗುತ್ತದೆ. ವಿಜಯನಗರದಿಂದ ವೈಟ್‌ಫೀಲ್ಡ್‌ಗೆ ಮೆಟ್ರೋದ ನೇರಳೆ ಮಾರ್ಗ ನೇರ ಇದೆಯಲ್ಲ, ನೋವು ತಗ್ಗುವವರೆಗೆ ಅದರಲ್ಲೇ ಹೋಗಿ. ಸೀಟು ಸಿಕ್ಕರೂ ಮಧ್ಯೆ ಎದ್ದು ಸ್ವಲ್ಪ ಹೊತ್ತು ಎರಡೂ ಕಾಲಿನ ಮೇಲೆ ನಿಲ್ಲಿ.

ಬೆಲ್ಟ್ ಬೇಕಾದರೆ ಎಸ್‌ಐ ಬೆಲ್ಟ್ ಎಂದೇ ಕೇಳಿ. ಅದು ಕಿರಿದು, ಕಟ್ಟುವ ಜಾಗವೂ ಕೆಳಗೆ, ಸೊಂಟದ ಮೂಳೆಯ ಸುತ್ತ. ನಡೆಯುವಾಗ, ನಿಲ್ಲುವಾಗ ಹಾಕಿಕೊಂಡು ಮಲಗುವಾಗ ತೆಗೆಯಿರಿ. ಅದರಿಂದ ನೋವು ತಗ್ಗೀತು, ಬಲ ಬರುವುದು ವ್ಯಾಯಾಮದಿಂದಲೇ. ಅಂಗಾತ ಮಲಗಿ ಮಂಡಿ ಮಡಿಸಿ ಸೊಂಟವನ್ನು ನಿಧಾನ ಎತ್ತುವುದು, ಮಗ್ಗುಲಾಗಿ ಮಲಗಿ ಹಿಮ್ಮಡಿ ಜೋಡಿಸಿಟ್ಟು ಮೇಲಿನ ಮಂಡಿಯನ್ನಷ್ಟೇ ತೆರೆಯುವುದು, ಇವೆರಡು ಮೊದಲು. ಮಾಡುವಾಗ ಸ್ವಲ್ಪ ನೋವು ಪರವಾಗಿಲ್ಲ, ಮರುದಿನ ಹೆಚ್ಚಾಗಿದ್ದರೆ ಎಣಿಕೆ ಇಳಿಸಿ. ವ್ಯತ್ಯಾಸ ಕಾಣಲು ಆರರಿಂದ ಹನ್ನೆರಡು ವಾರ ಹಿಡಿಯುತ್ತದೆ. ನೋವಿನ ಮಾತ್ರೆಯನ್ನು ಡಾಕ್ಟರರನ್ನು ಕೇಳಿ ಕೆಲವೇ ದಿನ ತಗೊಳ್ಳಿ, ಮಗುವಿಗೆ ಹಾಲುಣಿಸುತ್ತಿದ್ದರೆ ಅದನ್ನು ತಿಳಿಸಿ.

‘ಕೀಲು ಜಾರಿದೆ, ಒಂದೇ ಸಲ ಲಟಕ್ಕನೆ ಕೂರಿಸುತ್ತೇನೆ’ ಎನ್ನುವವರು ಸಿಗುತ್ತಾರೆ. 1998ರಲ್ಲಿ ಸ್ವೀಡನ್ನಿನ ಸಂಶೋಧಕರು ಹಾಗೆ ಲಟಕಾಯಿಸುವ ಮೊದಲು ಮತ್ತು ನಂತರ ಈ ಕೀಲನ್ನು ಎಕ್ಸ್‌ರೇ ತಂತ್ರದಿಂದ ಅಳೆದು ನೋಡಿದರು. ಅದರ ಜಾಗ ಬದಲಾಗಿರಲಿಲ್ಲ. ಸ್ನಾಯು ಸಡಿಲವಾಗಿ ಸ್ವಲ್ಪ ಹೊತ್ತು ಹಾಯೆನಿಸಬಹುದು, ಆದರೆ ಅದನ್ನೇ ನಂಬಿ ವಾರವಾರ ದುಡ್ಡು ಸುರಿಯಬೇಡಿ.

ಮೂರು ತಿಂಗಳು ಶ್ರದ್ಧೆಯಿಂದ ಮಾಡಿಯೂ ಕಡಿಮೆಯಾಗದಿದ್ದರೆ ಸ್ಕ್ಯಾನ್ ನೋಡಿಕೊಂಡೇ ಕೀಲಿಗೆ ಮರಗಟ್ಟಿಸುವ ಇಂಜೆಕ್ಷನ್ ಕೊಡುವ ಪೇನ್ ಸ್ಪೆಷಲಿಸ್ಟ್‌ಗಳಿದ್ದಾರೆ. ಕೊಟ್ಟ ಕೂಡಲೇ ನೋವು ಬಹುಪಾಲು ಇಳಿದರೆ ಮೂಲ ಅಲ್ಲೇ ಇದೆ ಎಂದು ಗೊತ್ತಾಗುತ್ತದೆ. ಆಪರೇಷನ್ ಮಾತು ಅದೆಲ್ಲ ಆದಮೇಲಿನದ್ದು. ಆದರೆ ಯಾವ ಹೊತ್ತಿನಲ್ಲಾದರೂ ಮೂತ್ರ, ಮಲದ ಹಿಡಿತ ತಪ್ಪಿದರೆ, ತೊಡೆಸಂದು ಮರಗಟ್ಟಿದರೆ, ಪಾದ ಎತ್ತಲಾಗದಿದ್ದರೆ ಬೆಳಗಾಗಲಿ ಎಂದು ಕಾಯದೆ ಎಮರ್ಜೆನ್ಸಿಗೆ ಹೋಗಿ.