ಬೆದರಿಕಿಗೆ "ಗುಡುಗು" ಅಂತ ಹೆಸರಿಟ್ರ

ಅಣ್ಣಾರ, ಒಂದು ಪಾರ್ಟಿ ಒಂದು ಸಮುದಾಯದ ಮ್ಯಾಲೆ ಇಷ್ಟು ವಿಷ ಕಾರಿದ್ರೂ ನ್ಯೂಸ್ ನೋಡೋ ನಿಮ್ಮಪ್ಪಗ ಅದು ಯಾಕ ಮಾಮೂಲಿ ಅನಸ್ತದ ಅಂತ ಕೇಳೀರಿ. ನನಗನ್ನಿಸಿದ್ದು ಹೇಳ್ತೀನಿ, ಸುಳ್ಳು ಸುದ್ದಿಗಿಂತ ಜಾಸ್ತಿ ಕೆಲಸ ಮಾಡೋದು ನ್ಯೂಸಿನವರು ಬಳಸೋ ಪದ. ಹೋದ ವಾರ ಸಿಂಧನೂರಾಗ ಚಾದಂಗಡ್ಯಾಗ ಕುಂತಿದ್ದೆ, ಟಿವ್ಯಾಗ ಒಬ್ಬ ಲೀಡರ್ "ಊರು ಬಿಡಿಸ್ತೀವಿ" ಅಂತ ಜನರಿಗೆ ನೇರ ಬೆದರಿಕಿ ಹಾಕಾಕತ್ತಿದ್ದ, ಕೆಳಗ ಕೆಂಪು ಪಟ್ಟ್ಯಾಗ "ಗುಡುಗಿದ ನಾಯಕ" ಅಂತ ಓಡಾಕತ್ತಿತ್ತು. ಬೆದರಿಕಿ ಅಂತ ಬರದ್ರ ಅದು ಅಪರಾಧ, ಗುಡುಗು ಅಂದ್ರ ಗಂಡಸ್ತನ! ಹಸೀ ಸುಳ್ಳಿಗೂ "ವಿವಾದಾತ್ಮಕ ಹೇಳಿಕೆ" ಅಂತಾರ. ಆಮ್ಯಾಲೆ ಡಿಬೇಟು, ಹೊಡೀತೀನಿ ಅನ್ನೋನು ಒಂದ್ಕಡೆ, ಹೊಡೀಬ್ಯಾಡ್ರಿ ಅನ್ನೋನು ಇನ್ನೊಂದ್ಕಡೆ, ಇಬ್ಬರಿಗೂ ಸಮ ಟೈಮು.

ಇದು ಹೊಸಾದಲ್ರಿ. 1922ರ ನವೆಂಬರ್‌ನಾಗ ಅಮೆರಿಕಾದ ಪೇಪರ್ ನ್ಯೂಯಾರ್ಕ್ ಟೈಮ್ಸ್ ಹಿಟ್ಲರ್ ಬಗ್ಗೆ ಬರದಾಗ, ಅವನ ಯಹೂದಿ ದ್ವೇಷ ಕೇಳಾಕ ಇದ್ದಷ್ಟು ಖರೇನೂ ಅಲ್ಲ ಉಗ್ರಾನೂ ಅಲ್ಲ, ಜನ ಸೇರಸಾಕ ಬಳಸ್ತಾನ ಅಂತ ತಿಳದವರು ಹೇಳ್ತಾರ ಅಂತ ಹಾಕಿತ್ತು. 1928ರಾಗ ಅವನ ಪಾರ್ಟಿಗೆ ಬಂದಿದ್ದು 2.6 ಪರ್ಸೆಂಟ್ ಓಟು, 1932ರ ಜುಲೈನಾಗ 37 ದಾಟ್ತು (ಆರ್ಥಿಕ ಕುಸಿತ ದೊಡ್ಡ ಕಾರಣ, ಪೇಪರ್ ಒಂದ ಅಲ್ಲ), 1933ರ ಜನವರಿ 30ಕ್ಕ ಜರ್ಮನಿ ಚಾನ್ಸಲರ್, ಅಂದ್ರ ಸರ್ಕಾರದ ಮುಖ್ಯಸ್ಥ, ಆದ. "ಎಲೆಕ್ಷನ್ ಟೈಮಿನಾಗ ಹಂಗ ಮಾತಾಡ್ತಾರ ಬಿಡ್ರಿ" ಅಂತ ನಮ್ಮ ಕಟ್ಟಿ ಮ್ಯಾಲೂ ದಿನಾ ಕೇಳ್ತೀವಲ್ಲ, ಅದ ಮಾತು ಇದು.

ನಿಮ್ಮಪ್ಪನ ಜೊತಿ ವಾದಕ್ಕ ಇಳೀಬ್ಯಾಡ್ರಿ. ನಾನು ನಮ್ಮಪ್ಪಗ ಇಷ್ಟ ಕೇಳ್ದೆ, ಆ "ಊರು ಬಿಡಿಸ್ತೀವಿ" ಅನ್ನೋ ಮಾತು ನಮ್ಮ ಬಾಜೂ ಮನಿ ಚಾಚಾಗ ಯಾರರ ಬಾಗಿಲಾಗ ನಿಂತು ಅಂದ್ರ ನೀ ಏನಂತಿ ಅಂತ. ಅಪ್ಪ ಸುಮ್ಮನಾದ, ಸ್ವಲ್ಪ ಹೊತ್ತಿಗೆ ತಾನ ಟಿವಿ ಬಂದ್ ಮಾಡಿದ.