ಕಾನೂನು ತಡೆದರೂ 2005ರಲ್ಲಿ ಬ್ರಿಟಿಷ್ ಕೊಲಂಬಿಯಾದ ಶಿಕ್ಷಕರು ಮುಷ್ಕರ ಮಾಡಿದ್ದೇಕೆ?
ಬರೀ ಸಂಬಳದ ಜಗಳ ಅಂದುಕೊಳ್ಳುವವರೇ ಜಾಸ್ತಿ. ಆದರೆ ಬೇರು ಇರುವುದು 2002ರಲ್ಲಿ. ಒಂದು ತರಗತಿಯಲ್ಲಿ ಎಷ್ಟು ಮಕ್ಕಳಿರಬೇಕು ಅನ್ನುವ ಮಿತಿ ಕೆನಡಾದ ಈ ಪ್ರಾಂತ್ಯದ ಶಿಕ್ಷಕರ ಒಪ್ಪಂದದಲ್ಲೇ ಇತ್ತು. ಸರ್ಕಾರ ಕಾನೂನು ತಂದು ಅದನ್ನು ಕಿತ್ತುಹಾಕಿತು. ಮುಂದೆ ಆ ಬಗ್ಗೆ ಚೌಕಾಸಿಯನ್ನೇ ಮಾಡುವಂತಿಲ್ಲ ಎಂದಿತು.

2005ರ ಅಕ್ಟೋಬರ್‌ನಲ್ಲಿ ಇನ್ನೊಂದು ಕಾನೂನು: ಹಳೇ ಒಪ್ಪಂದವೇ 2006ರ ಜೂನ್‌ವರೆಗೆ, ಸಂಬಳ ಏರಿಕೆ ಸೊನ್ನೆ. ಮಾತುಕತೆಯ ಬಾಗಿಲೇ ಮುಚ್ಚಿದರೆ ಸಂಘ ಇದ್ದೂ ಏನು ಪ್ರಯೋಜನ, ಅಲ್ವಾ? ಶಿಕ್ಷಕರು ಮತ ಹಾಕಿ ಬೀದಿಗಿಳಿದರು.

ನ್ಯಾಯಾಲಯ ಇದನ್ನು ನ್ಯಾಯಾಂಗ ನಿಂದನೆ ಎಂದಿತು. ಆದರೆ ಮೊದಲು ಕೈಹಾಕಿದ್ದು ದುಡ್ಡಿಗೆ: ಮುಷ್ಕರದಲ್ಲಿದ್ದವರಿಗೆ ಸಂಘ ಕೊಡುತ್ತಿದ್ದ ದಿನಕ್ಕೆ 50 ಡಾಲರ್ ಭತ್ಯೆ ನಿಂತಿತು. ಸಂಬಳವೂ ಇಲ್ಲ, ಭತ್ಯೆಯೂ ಇಲ್ಲ. ಆದರೂ ಅವರು ಜಗ್ಗಲಿಲ್ಲ. ಆಮೇಲೆ ಸಂಘಕ್ಕೆ 5 ಲಕ್ಷ ಡಾಲರ್ ದಂಡವೂ ಬಿತ್ತು.

ಕೊನೆಗೆ ಮಧ್ಯವರ್ತಿ ವಿನ್ಸ್ ರೆಡಿ ಅವರ ಶಿಫಾರಸುಗಳನ್ನು ಒಪ್ಪಿ, ಅಕ್ಟೋಬರ್ 24ಕ್ಕೆ ಶಾಲೆಗೆ ಮರಳಿದರು. ತರಗತಿ ಗಾತ್ರದ ವಿಷಯ ಮಾತ್ರ ಅಲ್ಲಿಗೆ ಮುಗಿಯಲಿಲ್ಲ. 2016ರ ನವೆಂಬರ್‌ನಲ್ಲಿ ಕೆನಡಾದ ಸುಪ್ರೀಂ ಕೋರ್ಟ್ ವಾದ ಕೇಳಿದ ದಿನವೇ ಶಿಕ್ಷಕರ ಪರ ತೀರ್ಪು ಕೊಟ್ಟಿತು, ಕಿತ್ತುಹಾಕಿದ್ದ ಷರತ್ತುಗಳು ಒಪ್ಪಂದಕ್ಕೆ ವಾಪಸ್ ಬಂದವು.