ಒಡೆಯುವುದು ಸುಲಭ, ಕೆಳಗಿನ ಮಣ್ಣೇ ಕಷ್ಟ: ಅಂಗಳದ ಕಾಂಕ್ರೀಟ್ ಕುರಿತು ಓದುಗರ ಪ್ರಶ್ನೆಗಳು

ಪ್ರಶ್ನೆ: ನಮ್ಮದು 30x40ರ ಸೈಟು. ಪಶ್ಚಿಮದ ಕಡೆ ಮನೆಗೂ ಕಾಂಪೌಂಡಿಗೂ ನಡುವೆ 5 ಅಡಿ ಅಗಲ, 20 ಅಡಿ ಉದ್ದದ ಕಾಂಕ್ರೀಟ್ ಜಾಗ ಸುಮ್ಮನೆ ಬಿದ್ದಿದೆ. ಬೇಸಿಗೆಯಲ್ಲಿ ರಾತ್ರಿ ಹನ್ನೊಂದಾದರೂ ಆ ಕಡೆಯ ಕೋಣೆಯ ಝಳ ಇಳಿಯುವುದಿಲ್ಲ. ಒಡೆದು ಗಿಡ ನೆಟ್ಟರೆ ತಂಪಾಗುತ್ತದೆಯೇ? ಪಾಯಕ್ಕೆ ನೀರಿಳಿದೀತೆಂಬ ಭಯವೂ ಇದೆ.
— ಓದುಗರು, ವಿಜಯನಗರ, ಬೆಂಗಳೂರು

ಉತ್ತರ: ತಂಪಾಗುತ್ತದೆ, ಆದರೆ ಬರಿಯ ಹುಲ್ಲಿನಿಂದಲ್ಲ. ಎಲೆ, ಮಣ್ಣುಗಳಿಂದ ಒಂದು ಲೀಟರ್ ನೀರು ಆವಿಯಾದರೆ ಕರೆಂಟ್ ಬಿಲ್ಲಿನ ಲೆಕ್ಕದಲ್ಲಿ ಸುಮಾರು 0.68 ಯೂನಿಟ್‌ನಷ್ಟು (ಕಿಲೋವ್ಯಾಟ್-ಗಂಟೆ) ಶಾಖ ಅದರೊಂದಿಗೆ ಹೋಗುತ್ತದೆ. ಏಪ್ರಿಲ್‌ನಲ್ಲಿ 60 ಚದರಡಿ ಹಸಿರು ದಿನಕ್ಕೆ 25 ಲೀಟರ್ ಬಿಟ್ಟರೆ 17 ಯೂನಿಟ್ ಆಯಿತು. ಒಂದೂವರೆ ಟನ್ನಿನ ಎಸಿ ಮೂರು ಗಂಟೆಯಲ್ಲಿ ಕೋಣೆಯಿಂದ ಎಳೆದು ಹೊರಹಾಕುವ ಶಾಖ ಹೆಚ್ಚುಕಡಿಮೆ ಇಷ್ಟೇ. ಬಯಲಲ್ಲಿ ಇದರ ಬಹುಪಾಲು ಗಾಳಿಯ ಪಾಲಾಗುವುದರಿಂದ ಎಸಿಯ ಚಳಿ ನಿರೀಕ್ಷಿಸಬೇಡಿ. ನಿಮ್ಮ ಕೋಣೆ ಕಾಯುತ್ತಿರುವುದು ಗೋಡೆ ಹಗಲೆಲ್ಲ ಬಿಸಿಲು ಕುಡಿದು ರಾತ್ರಿ ಒಳಗೆ ಬಿಡುವುದರಿಂದ. ಆದ್ದರಿಂದ ಮೊದಲು ಬೇಕಾದದ್ದು ಗೋಡೆಗೆ ನೆರಳು.

5 ಅಡಿಯ ಓಣಿಯಲ್ಲಿ ಮರ ಬೇಡ. ಗೋಡೆಯಿಂದ 6 ಇಂಚು ದೂರಕ್ಕೆ ತಂತಿಜಾಲರಿ ನಿಲ್ಲಿಸಿ ಸೀಮೆಬದನೆ, ಹೀರೆ, ಶಂಖಪುಷ್ಪ, ರಂಗೂನ್ ಮಲ್ಲಿಗೆ ಹಬ್ಬಿಸಿ. ನಡುವಿನ ಆ 6 ಇಂಚಿನಲ್ಲಿ ಗಾಳಿ ಆಡುತ್ತಿರಬೇಕು. ಗಾರೆಗೆ ಬೇರು ಕಚ್ಚಿ ಹತ್ತುವ ಬಳ್ಳಿಗಳು ನೋಡಲು ಚೆಂದ, ಕೀಳಬೇಕಾದಾಗ ಪ್ಲಾಸ್ಟರನ್ನೂ ಕಿತ್ತುಕೊಂಡು ಬರುತ್ತವೆ.

ಪಾಯದ ವಿಷಯಕ್ಕೆ ಬರೋಣ. ಪೂರ್ತಿ ಒಡೆಯಬೇಡಿ. ಗೋಡೆಗೆ ಅಂಟಿದ 2 ಅಡಿ ಕಾಂಕ್ರೀಟ್ ಹಾಗೇ ಇರಲಿ, ಕಾಂಪೌಂಡ್ ಕಡೆಯ 3 ಅಡಿ ಮಾತ್ರ ತೆಗೆಯಿರಿ. ಅದಕ್ಕೂ ಮುಂಚೆ ಸಂಪು, ಯುಜಿಡಿ (ಒಳಚರಂಡಿ) ಛೇಂಬರು, ನೀರಿನ ಪೈಪು, ಕರೆಂಟಿನ ಕೇಬಲ್, ಗ್ಯಾಸ್ ಲೈನ್ ಎಲ್ಲೆಲ್ಲಿ ಹಾದಿವೆ ಎಂದು ನೆಲದ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆದುಕೊಳ್ಳಿ. ಬ್ರೇಕರ್ (ಕಾಂಕ್ರೀಟ್ ಒಡೆಯುವ ಯಂತ್ರ) ತರುವ ಮೊದಲು ಕಟಿಂಗ್ ಮೆಷಿನ್‌ನಿಂದ ಉದ್ದಕ್ಕೂ ಸೀಳು ಹಾಕಿಸಿ. ಮೇಸ್ತ್ರಿಗಳು ಹೆಚ್ಚಾಗಿ ಇದನ್ನು ಹಾರಿಸುತ್ತಾರೆ, ಆಗ ಬಿರುಕು ಉಳಿಸಬೇಕಾದ 2 ಅಡಿಗೂ ಓಡಿ, ನೀವು ಹೆದರಿದಂತೆಯೇ ನೀರು ಪಾಯದ ಬದಿಗೆ ಇಳಿಯುತ್ತದೆ.

4 ಇಂಚು ದಪ್ಪದ 60 ಚದರಡಿ ಕಾಂಕ್ರೀಟ್ ಒಂದೂಕಾಲು ಟನ್ನಿಗೂ ಮೀರಿ ತೂಗುತ್ತದೆ. ಟಾಟಾ ಏಸ್ ಆದರೆ ಎರಡು ಟ್ರಿಪ್. ಕೂಲಿ ಮಾತಾಡುವಾಗಲೇ ಇದನ್ನೂ ಸೇರಿಸಿ ಮಾತಾಡಿ, ಇಲ್ಲವಾದರೆ ಅವಶೇಷ ಪಕ್ಕದ ಖಾಲಿ ಸೈಟಿಗೆ ಹೋಗಿ ಬೀಳುತ್ತದೆ.

ನಿಜವಾದ ಕೆಲಸ ಇನ್ನು ಮೇಲೆ. ಸ್ಲ್ಯಾಬಿನ ಕೆಳಗೆ ಜಲ್ಲಿ, ಇಟ್ಟಿಗೆ ಚೂರು, ಗಟ್ಟಿಸಿ ಕಲ್ಲಾದ ಮಣ್ಣು ಇರುತ್ತದೆ. ಮೇಲಷ್ಟೇ ಕೆಂಪುಮಣ್ಣು ಸುರಿದು ಗಿಡ ನೆಟ್ಟರೆ ಮೊದಲ ಮಳೆಗಾಲ ಚೆನ್ನಾಗಿದ್ದು ಬೇಸಿಗೆಗೆ ಒಣಗುತ್ತದೆ, ಏಕೆಂದರೆ ಬೇರಿಗೆ ಕೆಳಗಿಳಿಯಲು ದಾರಿಯೇ ಇಲ್ಲ. ಹಾರೆ, ಪಿಕಾಸಿಯಲ್ಲಿ ಒಂದೂವರೆ ಅಡಿ ಸಡಿಲಿಸಿ ಚೂರುಗಳನ್ನು ಆರಿಸಿ ತೆಗೆಯಿರಿ. ಒಂದಡಿ ಗುಂಡಿ ತೋಡಿ, ನೀರು ತುಂಬಿ, ಇಂಗಿದ ಮೇಲೆ ಮತ್ತೆ ತುಂಬಿ ಗಂಟೆಗೆ ಎಷ್ಟು ಇಳಿಯಿತೆಂದು ಅಳೆಯಿರಿ. ಒಂದಿಂಚು ಇಳಿದರೆ ಸಾಕು. ಅರ್ಧ ಇಂಚಿಗಿಂತ ಕಡಿಮೆಯಾದರೆ ಇನ್ನೂ ಅಗೆಯಬೇಕು. ಬಳಿಕ 3 ಇಂಚು ದಪ್ಪ ಕಾಂಪೋಸ್ಟ್ ಹರಡಿ ಬೆರೆಸಿ. 60 ಚದರಡಿಗೆ 15 ಘನ ಅಡಿ, ಎಂದರೆ 50 ಕೆಜಿಯ ಚೀಲ ಐದು. ಮಣ್ಣಿನ ಮಟ್ಟ ಪಕ್ಕದ ಕಾಂಕ್ರೀಟಿಗಿಂತ 2 ಇಂಚು ತಗ್ಗಿರಲಿ. ಮಳೆನೀರು ಒಳಗೆ ಬರುತ್ತದೆ, ಮಣ್ಣು ಹೊರಗೆ ಹೋಗುವುದಿಲ್ಲ. ಮಳೆ ಜೋರಾದಾಗ ಹೆಚ್ಚಾದ ನೀರು ಹರಿದುಹೋಗಲು ಒಂದು ಮೂಲೆಯಲ್ಲಿ ಕಿಂಡಿ ಬೇಕೇ ಬೇಕು.

ಸಿಮೆಂಟಿನ ಪುಡಿ ಮಣ್ಣಿನಲ್ಲೇ ಉಳಿದರೆ ಅದರಲ್ಲಿ ಸುಣ್ಣದ ಅಂಶ ಹೆಚ್ಚುತ್ತದೆ. ಎಳೆ ಎಲೆ ಹಳದಿಯಾಗಿ ನರ ಮಾತ್ರ ಹಸಿರಾಗಿ ಉಳಿದರೆ ಅದೇ ಕಾರಣ, ಬೇರಿಗೆ ಕಬ್ಬಿಣದ ಅಂಶ ಸಿಗುತ್ತಿಲ್ಲ. ಕೇಪಳ ಗಿಡದಲ್ಲಿ ಇದು ಬೇಗ ಕಾಣುತ್ತದೆ, ಮೊದಲ ವರ್ಷ ಅದನ್ನು ನೆಡಬೇಡಿ.

ಪ್ರಶ್ನೆ: ನಮ್ಮ ಅಪಾರ್ಟ್‌ಮೆಂಟಿನ ಪಾರ್ಕಿಂಗ್‌ಗೆ ಗ್ರಾಸ್ ಪೇವರ್ (ಕಿಂಡಿಗಳಲ್ಲಿ ಹುಲ್ಲು ಬೆಳೆಸುವ ಬ್ಲಾಕು) ಹಾಕಿಸಿದೆವು. ವರ್ಷದೊಳಗೆ ಹುಲ್ಲೆಲ್ಲ ಸತ್ತಿದೆ. ಏಕೆ?
— ಓದುಗರು, ಮೈಸೂರು

ಉತ್ತರ: ನಾಲ್ಕು ಬ್ಲಾಕ್ ಎಬ್ಬಿಸಿ ನೋಡಿ. ಕೆಳಗೆ ಕಾಂಕ್ರೀಟ್ ಇದ್ದರೆ ಹುಲ್ಲಿಗೆ ಸಿಕ್ಕಿದ್ದು 3 ಇಂಚು ಮಣ್ಣು ಮಾತ್ರ, ಅದು ಬದುಕಲು ಸಾಧ್ಯವೇ ಇರಲಿಲ್ಲ. ಸರಿಯಾದ ಕ್ರಮವೆಂದರೆ 10-12 ಇಂಚು ಅಗೆದು, 20 ಎಂಎಂ ಜಲ್ಲಿ 6 ಇಂಚು, ಅದರ ಮೇಲೆ ಜಿಯೋಟೆಕ್ಸ್‌ಟೈಲ್ ಬಟ್ಟೆ (ನೀರು ಬಿಟ್ಟು ಮಣ್ಣು ತಡೆಯುವಂಥದ್ದು), 2 ಇಂಚು ಮರಳು ಬೆರೆತ ಮಣ್ಣು, ಆಮೇಲೆ ಬ್ಲಾಕು. ಬ್ಲಾಕಿನ ಕಿಂಡಿಗಳನ್ನು ಅಂಚಿಗಿಂತ ಒಂದಿಂಚು ಕೆಳಗೆ ನಿಲ್ಲುವಂತೆ ತುಂಬಬೇಕು. ಕಂಠಮಟ್ಟ ತುಂಬಿದರೆ ಟೈರು ನೇರವಾಗಿ ಹುಲ್ಲಿನ ಬುಡವನ್ನೇ ಅರೆಯುತ್ತದೆ. ಹುಲ್ಲು ಗರಿಕೆಯಾದರೆ ಒಳ್ಳೆಯದು.

ಕಾರು ದಿನವಿಡೀ ನಿಂತಿರುವ ಜಾಗಕ್ಕೆ ಇದಾವುದೂ ಉಪಯೋಗವಿಲ್ಲ, ಬೆಳಕೇ ಇಲ್ಲದ ಕಡೆ ಹುಲ್ಲು ಬರುವುದಿಲ್ಲ. ಅಲ್ಲಿ ಚಕ್ರಕ್ಕೆಂದು 2 ಅಡಿ ಅಗಲದ ಎರಡು ಕಾಂಕ್ರೀಟ್ ಪಟ್ಟಿ ಉಳಿಸಿ, ಅಕ್ಕಪಕ್ಕ ಮಣ್ಣು ಬಿಡಿ. ನಮ್ಮನ್ನು ಕೇಳಿದರೆ ದುಬಾರಿ ಪೇವರ್‌ಗಿಂತ ಇದೇ ವಾಸಿ. ಅಗ್ನಿಶಾಮಕ ವಾಹನ ಬರುವ ದಾರಿಯನ್ನು ಮಾತ್ರ ಮುಟ್ಟಬೇಡಿ.

ಪ್ರಶ್ನೆ: ಮನೆ ಮುಂದಿನ ಫುಟ್‌ಪಾತ್‌ನ ಹೊಂಗೆ ಮರಕ್ಕೆ ಬುಡದವರೆಗೂ ಕಾಂಕ್ರೀಟ್ ಹಾಕಿದ್ದಾರೆ. ನಾವೇ ಒಡೆಯಬಹುದೇ?
— ಓದುಗರು, ದಾವಣಗೆರೆ

ಉತ್ತರ: ಫುಟ್‌ಪಾತ್ ಪಾಲಿಕೆಯದು, ಲಿಖಿತವಾಗಿ ಕೇಳಿ. ದೆಹಲಿಯ ಮರಗಳ ಸುತ್ತ ಒಂದು ಮೀಟರ್ ಕಾಂಕ್ರೀಟ್ ತೆಗೆಯಬೇಕೆಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2013ರಲ್ಲೇ ಆದೇಶಿಸಿದೆ. ಅರ್ಜಿಯಲ್ಲಿ ಇದನ್ನು ಉಲ್ಲೇಖಿಸಿದರೆ ಮಾತಿಗೆ ತೂಕ ಬರುತ್ತದೆ. ಒಪ್ಪಿಗೆ ಸಿಕ್ಕಾಗ ಬ್ರೇಕರ್ ತರಲು ಬಿಡಬೇಡಿ. ಬೇರುಗಳು ಸ್ಲ್ಯಾಬಿಗೆ ಒತ್ತಿಕೊಂಡೇ ಬೆಳೆದಿರುತ್ತವೆ, ಸುತ್ತಿಗೆ ಮತ್ತು ಚಾಣದಲ್ಲಿ ಬಿಡಿಸಬೇಕು. ಹೆಬ್ಬೆರಳಿಗಿಂತ ದಪ್ಪದ ಬೇರು ಕಡಿಯಬಾರದು, ಕಾಂಡಕ್ಕೆ ಮಣ್ಣು ಏರಿಸಬಾರದು. ಈ ಕೆಲಸಕ್ಕೆ ಜೂನ್ ಸರಿ. ಏಪ್ರಿಲ್‌ನಲ್ಲಿ ತೆರೆದರೆ ಇಷ್ಟು ದಿನ ಮುಚ್ಚಿದ್ದ ಸಣ್ಣ ಬೇರುಗಳು ಬಿಸಿಲಿಗೆ ಸುಡುತ್ತವೆ.

ಪ್ರಶ್ನೆ: ನಮ್ಮ ಅಂಗಳಕ್ಕೆ ಶಹಾಬಾದಿ ಫರ್ಸಿ (ಕಲ್ಲಿನ ಚಪ್ಪಡಿ) ಹಾಸಿದೆ. ಮೇ ತಿಂಗಳಲ್ಲಿ ಕಾಲಿಡಲಾಗುವುದಿಲ್ಲ. ಬೆಂಗಳೂರಿನವರಿಗೆ ಹೇಳುವ ಕ್ರಮ ನಮಗೂ ನಡೆಯುತ್ತದೆಯೇ?
— ಓದುಗರು, ಕಲಬುರಗಿ

ಉತ್ತರ: ನಡೆಯುವುದಿಲ್ಲ, ನಿಮ್ಮದು ಎರೆಮಣ್ಣು. ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಬಿರಿಯುತ್ತದೆ, ಗೋಡೆಯ ಪಕ್ಕ ಇದು ನಡೆದರೆ ಪಾಯ ಅಲುಗಿ ಗೋಡೆ ಸೀಳುತ್ತದೆ. ಹಾಗಾಗಿ ಮನೆಯ ಸುತ್ತ 6 ಅಡಿ ಫರ್ಸಿ ಹಾಗೇ ಬಿಡಿ. ಅದರಾಚೆ ಅನುಕೂಲ ನಿಮಗೇ ಹೆಚ್ಚು, ಫರ್ಸಿಯನ್ನು ಒಡೆಯಬೇಕಿಲ್ಲ. ಅಂಚಿನ ಕಲ್ಲಿನ ಸಂದಿಯ ಗಾರೆ ಕೆತ್ತಿ, ಹಾರೆಯಿಂದ ಮೀಟಿದರೆ ಇಡಿಯಾಗಿ ಏಳುತ್ತದೆ. ಒಂದು ಬಿಟ್ಟು ಒಂದು ತೆಗೆದು ನಡುವೆ ಗರಿಕೆ ಬಿಡಿ, ಎತ್ತಿದ ಕಲ್ಲು ಪಾತಿಯ ಅಂಚಿಗಾಗುತ್ತದೆ. ಬೇವು ಅಥವಾ ಹೊಂಗೆಯನ್ನು ಅಂಗಳದ ಪಶ್ಚಿಮದ ಅಂಚಿನಲ್ಲಿ, ಗೋಡೆಯಿಂದ ಕನಿಷ್ಠ 20 ಅಡಿ ದೂರಕ್ಕೆ ನೆಡಿ. ಅಷ್ಟು ಜಾಗವಿಲ್ಲದಿದ್ದರೆ ಮರ ಬಿಟ್ಟು ಚಪ್ಪರದ ಬಳ್ಳಿಗೆ ಹೋಗಿ. ಮಣ್ಣು ಬಾಯ್ಬಿಡುವವರೆಗೆ ಕಾದು ಒಮ್ಮೆಲೇ ನೀರು ಕಟ್ಟಬೇಡಿ. ಬೇಸಿಗೆಯಲ್ಲಿ ಎರಡು ದಿನಕ್ಕೊಮ್ಮೆ ಸ್ವಲ್ಪ ಸ್ವಲ್ಪವೇ ಉಣಿಸಿ, ಮೇಲೆ 3 ಇಂಚು ಒಣಎಲೆ ಅಥವಾ ತೊಗರಿ ಹೊಟ್ಟು ಹೊದಿಸಿ.